ನೂರಕ್ಕೆ ಮೂರು

‘ಉಮಾ ಮುಸುಮೆ’ ಅಂತ ಒಂದು ಜಪಾನಿ ಆಟ, 2021ರಲ್ಲಿ ಶುರುವಾದದ್ದು. ಅಲ್ಲಿನ ಅಸಲಿ ರೇಸ್ ಕುದುರೆಗಳೇ ಇದರಲ್ಲಿ ಕಿವಿ-ಬಾಲದ ಹುಡುಗಿಯರಾಗಿ ಓಡುತ್ತವೆ. ನಾನು ಕಣ್ಣಿಟ್ಟಿರುವುದು ಟೋಕಾಯ್ ಟೇಯೋ ಮೇಲೆ. ಮೂರು ನಕ್ಷತ್ರದವಳು, ಆ ದರ್ಜೆಯ ಯಾರೇ ಆಗಲಿ, ಆಟದ ಲಾಟರಿಯಲ್ಲಿ ಸಿಗುವ ಸಾಧ್ಯತೆ ನೂರಕ್ಕೆ ಮೂರು. ಜಾತಕ ಕೂಡುವುದೇ ಇದಕ್ಕಿಂತ ಸಲೀಸು!

ಗುಂಡಿ ಒತ್ತಿದಾಗೆಲ್ಲ ನಗುತ್ತಾ ಬರುವವಳು ಒಂದೇ ನಕ್ಷತ್ರದ ಹರು ಉರಾರ. ನಿಜಜೀವನದಲ್ಲಿ 113 ರೇಸ್ ಓಡಿ ಒಂದನ್ನೂ ಗೆಲ್ಲದ ಮಹಾತಾಯಿ. 2004ರಲ್ಲಿ ಹೆಸರಾಂತ ಜಾಕಿ ಯುಟಾಕ ಟಾಕೆಯೇ ಏರಿ ಕೂತರೂ ಹನ್ನೊಂದರಲ್ಲಿ ಹತ್ತನೆಯವಳು. ಆದರೇನು, ಅವಳ ಸೋತ ಟಿಕೆಟ್ಟನ್ನು ಜನ ಅಪಘಾತ ತಪ್ಪಿಸುವ ತಾಯಿತ ಮಾಡಿಕೊಂಡರು!

ಒಂದೇ ಸರದಿಯಲ್ಲಿ ಇನ್ನೂರು ಸಲ ಲಾಟರಿ ಎತ್ತಿದರೆ ಆ ಸರದಿಯಲ್ಲಿ ಮುಂದಿಟ್ಟ ಕುದುರೆ ಖಾತ್ರಿ. ಎತ್ತಲು ತೆರಬೇಕಾದ ಆಟದ ಹರಳು ಅಷ್ಟು ನನ್ನಲ್ಲಿಲ್ಲ. ದುಡ್ಡು ಕೊಟ್ಟು ಕೊಳ್ಳೋಣವೆಂದರೆ, ಹೆಂಡತಿಗೆ ಮೆಸೇಜು ಹೋಗದ ಕಾರ್ಡೂ ಇಲ್ಲ.