ತೇಲದ ದೋಣಿ, ಓಡದ ಗಾಡಿ

ನೀರಲ್ಲೂ ನೆಲದಲ್ಲೂ ಓಡುವ ಗಾಡಿಯೊಂದು ಬೇಕು ಎಂದು ತಿಪಟೂರು ಸೀಮೆಯಲ್ಲಿ ಯಾರಾದರೂ ಬಾಯಿಬಿಟ್ಟರೆ, ಕೇಳಿದವರು ಗಾಡಿಯ ಬೆಲೆ ವಿಚಾರಿಸುವುದಿಲ್ಲ. ‘ನೀರೆಲ್ಲೈತಪ್ಪ?’ ಎನ್ನುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಇಲ್ಲಿನ ಎಷ್ಟೋ ಕೆರೆಗಳು ವರ್ಷದ ಬಹುಭಾಗ ದನ ಮೇಯುವ ಬಯಲುಗಳು. ಕೊಳವೆಬಾವಿಯ ನೀರಿರುವ ಆಳಕ್ಕೆ ಇಳಿಯುವ ಗಾಡಿಯನ್ನು ಯಾವ ದೇಶದವರೂ ಇನ್ನೂ ಮಾಡಿಲ್ಲ. ಹೇಮಾವತಿ ನಾಲೆಯ ನೀರು ಮೊದಲು ಪೇಪರಿನಲ್ಲಿ ಹರಿದು, ಆಮೇಲೆ ಸಭೆಗಳಲ್ಲಿ ಹರಿದು, ಕಟ್ಟಕಡೆಗೆ ತೂಬಿನ ಹತ್ತಿರ ಬರುತ್ತದೆ. ಇಷ್ಟಾದರೂ ನನ್ನ ವಾದ ಒಂದೇ: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಗೆ ಹೇಳಿ ಮಾಡಿಸಿದ ಉಭಯಚರ ವಾಹನವೆಂದರೆ ಹಳೆಯ ಪವರ್ ಟಿಲ್ಲರ್. ಅದು ಕೊಟ್ಟಿಗೆಯ ಪಕ್ಕದಲ್ಲಿ, ಗರಿ ಹೊದಿಸಿದ ಚಪ್ಪರದ ಕೆಳಗೆ ಎಷ್ಟೋ ಕಾಲದಿಂದ ನಿಂತೇ ಇದೆ. ರಾತ್ರಿ ಹೊತ್ತು ಅದರ ಮೇಲೆ ಕೋಳಿ ಕೂರುವುದರಿಂದ ಅದರ ದೊಡ್ಡಸ್ತಿಕೆ ನಮ್ಮ ಕಣ್ಣಿಗೆ ಬಿದ್ದಿಲ್ಲ, ಅಷ್ಟೆ.

ಹೊರದೇಶದ ಸಾಕ್ಷಿ ಇಲ್ಲದೆ ನಮ್ಮವರು ಏನನ್ನೂ ಒಪ್ಪುವುದಿಲ್ಲವಾದ್ದರಿಂದ ಅದನ್ನೇ ಮೊದಲು ಕರೆಯೋಣ. ಕೆನಡಾದ ಒಂಟಾರಿಯೊದಲ್ಲಿ 1967ರಲ್ಲಿ ‘ಆರ್ಗೊ’ ಎಂಬ ಗಾಡಿ ಹುಟ್ಟಿತು. ಸ್ನಾನದ ತೊಟ್ಟಿಗೆ ಆರೋ ಎಂಟೋ ದಪ್ಪ ಟೈರು ಸಿಕ್ಕಿಸಿದಂಥ ರೂಪ. ನೀರಿಗಿಳಿದರೆ ತೊಟ್ಟಿ ತೇಲುತ್ತದೆ. ತಿರುಗುವ ಟೈರಿನ ಹಲ್ಲುಗಳೇ ಹುಟ್ಟಾಗಿ, ಮನುಷ್ಯ ನಡೆಯುವಷ್ಟು ನಿಧಾನಕ್ಕೆ ಮುಂದೆ ತಳ್ಳುತ್ತವೆ. ಕಾರಿನ ಹಾಗೆ ಅದರ ಮುಂದಿನ ಗಾಲಿ ಹೊರಳುವುದಿಲ್ಲ. ಒಂದು ಪಕ್ಕದ ಗಾಲಿಗಳನ್ನು ತಡೆದರೆ ಗಾಡಿಯೇ ಆ ಪಕ್ಕಕ್ಕೆ ವಾಲಿಕೊಂಡು ತಿರುಗುತ್ತದೆ. ಅದೇ 1967ರಲ್ಲಿ, ಜಪಾನಿನ ಮಿತ್ಸುಬಿಷಿಯ ಜೊತೆಗೂಡಿ ಬೆಂಗಳೂರಿನಲ್ಲಿ ವಿಎಸ್‌ಟಿ ಟಿಲ್ಲರ್ಸ್ ಕಂಪನಿ ಶುರುವಾಯಿತು. 1973ರಲ್ಲಿ ಕೇರಳದಲ್ಲಿ ಟಿಲ್ಲರ್ ಮಾಡುವ ಕಾಮ್ಕೊ ಕಂಪನಿಯೂ ಬಂತು. ಟಿಲ್ಲರಿಗೂ ಸ್ಟೀರಿಂಗ್ ಚಕ್ರವಿಲ್ಲ. ಎರಡು ಹಿಡಿ, ಹಿಡಿಗೊಂದು ಕ್ಲಚ್. ಎಡದ್ದನ್ನು ಹಿಸುಕಿದರೆ ಎಡಗಾಲಿಗೆ ಹೋಗುವ ಶಕ್ತಿ ನಿಂತು, ಬಲಗಾಲಿ ಗಾಡಿಯನ್ನು ಎಡಕ್ಕೆ ದಬ್ಬುತ್ತದೆ. ಗದ್ದೆಗಿಳಿಯುವಾಗ ರಬ್ಬರ್ ಟೈರು ಬಿಚ್ಚಿ, ಕಬ್ಬಿಣದ ಪಟ್ಟಿಗಳ ಕೇಜ್ ವೀಲ್ ಹಾಕಿದರೆ ಅದೂ ನೀರನ್ನು ಹುಟ್ಟು ಹಾಕಿದ ಹಾಗೆಯೇ ಬಗೆಯುತ್ತದೆ. ಒಂದೇ ವರ್ಷದ ಜಾತಕ, ಒಂದೇ ಥರದ ತಿರುಗು, ಒಂದೇ ಥರದ ಕೆಸರಿನ ಹುಚ್ಚು. ಇಬ್ಬರಲ್ಲಿ ಒಬ್ಬನಿಗೆ ಸಾಹಸಿ ಎಂಬ ಬಿರುದು, ಇನ್ನೊಬ್ಬನಿಗೆ ಬರೀ ‘ಟಿಲ್ರು’ ಎನ್ನುವುದು ಯಾವ ಊರ ಪಂಚಾಯ್ತಿ?

‘ಎಲ್ಲ ಸರಿ, ಟಿಲ್ಲರ್ ತೇಲುವುದಿಲ್ಲವಲ್ಲ’ ಎಂಬುದು ಮೊದಲ ಆಕ್ಷೇಪ. ತೇಲುವುದಿಲ್ಲ, ಒಪ್ಪಿದೆ, ನಾನೂರು ಕಿಲೋ ಆಸುಪಾಸಿನ ಕಬ್ಬಿಣ ತೇಲಬೇಕೆಂದು ಕೇಳುವುದೇ ಅತಿಯಾಸೆ. ಆದರೆ ತೇಲುವುದಕ್ಕೆ ಆಳ ಬೇಕು. ನಮ್ಮ ಸೀಮೆಯ ನೀರು ಕಾಣಿಸಿಕೊಂಡಾಗಲೂ ಬಹುತೇಕ ಮೊಣಕಾಲುದ್ದದ್ದು: ಅಚ್ಚುಕಟ್ಟಿನ ಗದ್ದೆಯ ಕೆಸರು, ಕೆರೆ ಕೋಡಿ ಬಿದ್ದ ವರ್ಷ ರಸ್ತೆಗೆ ಅಡ್ಡ ಹರಿಯುವ ಹಳ್ಳ, ನಾಲೆ ಜಿನುಗಿ ಜೌಗು ಹಿಡಿದ ತೋಟದ ಮೂಲೆ. ಇಷ್ಟರಲ್ಲಿ ತೇಲುವ ವಿದ್ಯೆ ಬೋಳುತಲೆಗೆ ತಂದ ಬಾಚಣಿಗೆ. ಅಲ್ಲದೆ ತೇಲುವ ಗಾಡಿಯನ್ನು ಅದರ ಒಡೆಯರೇ ಎಷ್ಟು ನಂಬಿದ್ದರು ನೋಡಿ. ಬೆನ್ ಕಾರ್ಲಿನ್ ಎಂಬ ಆಸ್ಟ್ರೇಲಿಯಾದವನು 1950ರಲ್ಲಿ ಹೊರಟು 1958ರಲ್ಲಿ ಮುಗಿಸಿ, ತೇಲುವ ಜೀಪಿನಲ್ಲಿ ಭೂಮಿಯನ್ನೇ ಸುತ್ತಿದ. ಆ ಜೀಪಿಗೆ ಅವನು ಇಟ್ಟ ಹೆಸರು ‘ಹಾಫ್ ಸೇಫ್’, ಅಂದರೆ ಅರ್ಧ ಭದ್ರ. ಅಟ್ಲಾಂಟಿಕ್ ದಾಟಿದವನ ಭರವಸೆಯೇ ಎಂಟಾಣೆ. ಟಿಲ್ಲರಿನಲ್ಲಿ ಈ ಗೊಂದಲವಿಲ್ಲ. ಮುಳುಗುತ್ತದೆ ಎಂಬುದು ಹದಿನಾರಾಣೆ ಗ್ಯಾರಂಟಿ. ಆದ್ದರಿಂದ ಅದನ್ನು ಓಡಿಸುವವನು ಮೊದಲು ಕೋಲು ಹಾಕಿ ಆಳ ನೋಡಿಯೇ ನೀರಿಗಿಳಿಯುತ್ತಾನೆ.

ನೆಲದ ಮಾತಿಗೆ ಬಂದರೆ ಪುರಾವೆ ಇನ್ನೂ ಗಟ್ಟಿ. ತೆಂಗಿಗೆ ತಾಯಿಬೇರಿಲ್ಲ, ಬುಡದಿಂದ ಸುತ್ತಲೂ ಹರಡುವ ಬೇರುಗಳಲ್ಲಿ ಹೆಚ್ಚಿನವು ಎರಡು ಮೀಟರ್ ದೂರದೊಳಗೆ, ಮೇಲುಮಣ್ಣಿನ ಹತ್ತಿರವೇ ಇರುತ್ತವೆ. ದೊಡ್ಡ ಟ್ರ್ಯಾಕ್ಟರ್ ನೇಗಿಲು ಅಲ್ಲಿ ಆಳಕ್ಕೆ ಇಳಿದರೆ ಉಳುಮೆಯ ಜೊತೆ ಕೊಯ್ಲೂ ಆಗುತ್ತದೆ, ಬೇರಿನದು. ಟಿಲ್ಲರ್ ಮೇಲುಮೇಲೆ ಕೆರೆದು, ಪಾತಿಯ ಅಂಚು ಬಳಸಿಕೊಂಡು, ಎಡೆಮಟ್ಟೆಗಳ ಸಂದಿಯಲ್ಲಿ ತೂರಿ ಹೋಗುತ್ತದೆ. ಬೇಸಿಗೆಯಲ್ಲಿ ಟ್ರೇಲರ್ ಕಟ್ಟಿಕೊಂಡು ಬತ್ತಿದ ಕೆರೆಯಂಗಳಕ್ಕಿಳಿದು ಗೋಡು ತಂದು ತೋಟಕ್ಕೆ ಸುರಿಯುತ್ತದೆ. ಅಂದರೆ ಕೆರೆಯಲ್ಲಿ ನೀರಿಲ್ಲದಾಗಲೂ ಕೆರೆಗಿಳಿಯುವ ಏಕೈಕ ಜಲವಾಹನ ಇದೇ. ‘ಇದನ್ನೆಲ್ಲ ಎತ್ತು ಮಾಡುತ್ತಿರಲಿಲ್ಲವೇ? ಎತ್ತು ಈಜುತ್ತದೆ ಕೂಡ’ ಎನ್ನುವ ಹಿರಿಯರಿದ್ದಾರೆ. ನಿಜ, ಎತ್ತಿನ ಮುಂದೆ ಯಾವ ಇಂಜಿನ್ನೂ ಇಲ್ಲ. ಆದರೆ ಎತ್ತಿಗೆ ಕೆಲಸವಿಲ್ಲದ ದಿನವೂ ಹಸಿವಿದೆ. ಮೇವು ಕೇಳದ ಬಸವ ಈ ಕಡೆ ಇರುವುದು ಒಂದೇ, ತುರುವೇಕೆರೆಯ ನುಣುಪು ಕರಿಕಲ್ಲಿನ ನಂದಿ. ಅದು ಗೇಯುವುದೂ ಇಲ್ಲ.

ಹಾಗೆಂದು ಹಳೆಯ ಟಿಲ್ಲರ್ ಸಾಕುವುದು ಸುಖದ ಬಾಳು ಎಂದು ಹೇಳಿದರೆ ಅದು ದಲ್ಲಾಳಿಯ ಮಾತಾದೀತು. ಅದನ್ನು ಎಬ್ಬಿಸುವುದೇ ಒಂದು ಸೇವೆ. ಎಡಗೈಯಲ್ಲಿ ಡಿಕಂಪ್ರೆಷನ್ ಲಿವರ್ ಎತ್ತಿ ಹಿಡಿದು, ಬಲಗೈಯಲ್ಲಿ ಹ್ಯಾಂಡಲ್ ಸುತ್ತಬೇಕು. ಮೊದಲು ನಿಟ್ಟುಸಿರು, ಆಮೇಲೆ ಕೆಮ್ಮು. ಸುತ್ತು ಜೋರಾದ ಗಳಿಗೆಗೆ ಸರಿಯಾಗಿ ಲಿವರ್ ಬಿಟ್ಟರೆ ಟುಕ್, ಟುಕ್, ಟಕಟಕಟಕ ಎಂದು ಹೊಗೆ ಉಗುಳಿ ಎದ್ದು ಕೂರುತ್ತದೆ. ಗಳಿಗೆ ತಪ್ಪಿದರೆ ಹ್ಯಾಂಡಲ್ ತಿರುಗಿ ಬಿದ್ದು ಮೊಣಕೈಗೆ ಉತ್ತರ ಕೊಡುತ್ತದೆ. ಇಳಿಜಾರಿನಲ್ಲಿ ಇನ್ನೊಂದು ತಮಾಷೆ. ಅಲ್ಲಿ ಇಂಜಿನ್ನು ಗಾಲಿಗಳನ್ನು ತಳ್ಳುವುದಿಲ್ಲ, ಹಿಡಿದಿರುತ್ತದೆ. ಎಡ ಕ್ಲಚ್ ಹಿಸುಕಿದರೆ ಎಡಗಾಲಿಯ ಹಿಡಿತ ತಪ್ಪಿ ಅದು ಮುಂದೋಡುತ್ತದೆ, ಗಾಡಿ ಬಲಕ್ಕೆ ಹೊರಳುತ್ತದೆ. ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದ ದಾರಿಗಳಲ್ಲಿ ಏರುವಾಗ ಎಡ ಎಂದರೆ ಎಡ, ಇಳಿಯುವಾಗ ಎಡ ಎಂದರೆ ಬಲ. ಗೆದ್ದು ಮೇಲೇರುವಾಗ ಒಂದು ಮಾತು, ಇಳಿಯುವಾಗ ಇನ್ನೊಂದು ಮಾತು ಎಂಬುದನ್ನು ಬೇರೆ ಕಡೆಯೂ ನೋಡಿದ ಮತದಾರರಿಗೆ ಇದನ್ನು ಕಲಿಯುವುದು ಕಷ್ಟವಾಗಲಾರದು. ಇನ್ನು ನಡಿಗೆ: ಮಣ್ಣು ಕೆರೆಯುವ ರೋಟರಿಯ ಅಗಲ ಸುಮಾರು 60 ಸೆಂಟಿಮೀಟರ್, ಅಂದರೆ ಒಂದು ಎಕರೆ ಉಳಲು ಅದರ ಹಿಂದೆ ಆರೂಮುಕ್ಕಾಲು ಕಿಲೋಮೀಟರ್ ನಡೆಯಬೇಕು. ಪಟ್ಟಣದವರು ದುಡ್ಡು ಕೊಟ್ಟು ಟ್ರೆಡ್‌ಮಿಲ್ ಹತ್ತುತ್ತಾರೆ. ಎಷ್ಟು ನಡೆದರೂ ಅದರ ಕೆಳಗೆ ಒಂದು ಗೇಣು ನೆಲ ಉತ್ತಿರುವುದಿಲ್ಲ.

ಕೊನೆಯ ಆಕ್ಷೇಪ ವೇಗದ್ದು. ಟ್ರೇಲರ್ ಕಟ್ಟಿದ ಟಿಲ್ಲರ್ ಬಿ.ಎಚ್. ರಸ್ತೆ ಹತ್ತಿದರೆ ಗಂಟೆಗೆ ಹದಿನೈದು ಕಿಲೋಮೀಟರ್ ದಾಟುವುದು ಕಷ್ಟ. ಹಿಂದೆ ಲಾರಿಗಳ ಮೆರವಣಿಗೆ, ಮುಂದೆ ಮದುವಣಿಗನ ಗಾಂಭೀರ್ಯ. ಆದರೆ ಟ್ರೇಲರಿನಲ್ಲಿರುವುದು ಏನು? ಕೊಬ್ಬರಿ. ಹೊಂಬಾಳೆ ಒಡೆದು ಕಾಯಿ ಬಲಿಯಲು ಒಂದು ವರ್ಷ. ಆಮೇಲೆ ಅಟ್ಟದ ಮೇಲೆ, ಒಳಗಿನ ನೀರು ಬತ್ತಿ, ಗಿಟಕು ಚಿಪ್ಪು ಬಿಟ್ಟು ಅಲ್ಲಾಡಿಸಿದರೆ ಲೊಟಲೊಟ ಎನ್ನುವ ತನಕ ಎಂಟರಿಂದ ಹನ್ನೆರಡು ತಿಂಗಳು. ಎರಡು ವರ್ಷ ಕಾದ ಸರಕನ್ನು ಅರ್ಧ ಗಂಟೆ ಮುಂಚೆ ತಿಪಟೂರು ಮಾರುಕಟ್ಟೆಗೆ ಮುಟ್ಟಿಸಿ ಸಾಧಿಸುವುದೇನು? ರೇಟು ಇವತ್ತಲ್ಲ, ನಾಳೆ ಏರುತ್ತದೆ ಎಂಬುದು ಪ್ರತಿ ಬೆಳೆಗಾರನ ಗಟ್ಟಿ ನಂಬಿಕೆ. ಹಾಗಿದ್ದ ಮೇಲೆ ತಡವಾಗಿ ಹೋಗುವುದೇ ಲಾಭ. ಓಡದ ಗಾಡಿ ಈ ಸೀಮೆಯಲ್ಲಿ ಒಂದು ಬಗೆಯ ಉಳಿತಾಯ ಖಾತೆ.

ತೇಲುವ ಗಾಡಿಯ ಆಸೆ ಇಷ್ಟಾದರೂ ಬಿಡದವರು ಗಣಪತಿ ಬಿಡುವ ದಿನ ಕೆರೆ ಏರಿಯ ಮೇಲೆ ನಿಂತು ನೋಡಬೇಕು. ಟಿಲ್ಲರ್ ಟ್ರೇಲರಿನಲ್ಲಿ ಗಣಪ ಬರುತ್ತಾನೆ, ತಮಟೆಯ ಸದ್ದಿನಲ್ಲಿ ಇಂಜಿನ್ ಸದ್ದು ಕರಗಿರುತ್ತದೆ, ಟ್ರೇಲರಿನ ಗಾಲಿ ನೆನೆಯುವ ತನಕ ಗಾಡಿ ನೀರಿಗೆ ಹಿಮ್ಮೆಟ್ಟುತ್ತದೆ. ಆ ಹೊತ್ತಿನಲ್ಲಿ ನೆರೆದ ಊರಿನವರೆಲ್ಲರಿಗೆ ಬೇಕಾದದ್ದು ಎರಡೇ: ಗಣಪ ಸುಸೂತ್ರವಾಗಿ ಮುಳುಗಬೇಕು, ಟಿಲ್ಲರ್ ಸುಸೂತ್ರವಾಗಿ ದಡ ಹತ್ತಬೇಕು. ತೇಲಬೇಕೆಂದು ಯಾರೂ ಕೇಳುವುದಿಲ್ಲ, ಗಣಪನನ್ನೂ.