ಮುದ್ದೆ ಕ್ಯೂನಲ್ಲಿ ಸಿಕ್ಕ ಚರಿತ್ರೆ

ನವೆಂಬರ್ ಬಂತೆಂದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಮೇಳ. ರೈತರು ಬರುವುದು ಬಿತ್ತನೆ ಬೀಜಕ್ಕೆ, ನಮ್ಮಂಥ ಅಪಾರ್ಟ್‌ಮೆಂಟಿನವರು ಟಗರಿನ ಜೊತೆ ಸೆಲ್ಫಿಗೆ. ಟಗರು ಮಾತ್ರ ಉದ್ಘಾಟನೆಗೆ ಬಂದ ಮಂತ್ರಿಯಷ್ಟೇ ಗಂಭೀರವಾಗಿ ಪೋಸು ಕೊಡುತ್ತಿತ್ತು.

ಮುದ್ದೆ ಊಟದ ಕ್ಯೂನಲ್ಲಿ ಮುಂದಿದ್ದ ಯಜಮಾನರು ಹಿಂದೆ ತಿರುಗಿ, "ಈ ವಿಶ್ವವಿದ್ಯಾಲಯ ಶುರುವಾಗಿದ್ದು 1964ರಲ್ಲಿ. ಇವರ ಇಂಡಾಫ್ ಗೊತ್ತೇನ್ರಪ್ಪಾ?" ಎಂದರು.

"ಯಾವ ಆ್ಯಪ್ ಸಾರ್ ಅದು?" ಎಂದ ಪಕ್ಕದ ಐಟಿ ಹುಡುಗ.

"ಆ್ಯಪ್ ಅಲ್ಲ ಕಣಯ್ಯಾ, ರಾಗಿ! ಮಂಡ್ಯದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನೋರು ನಮ್ಮ ರಾಗಿಗೂ ಆಫ್ರಿಕಾ ರಾಗಿಗೂ ಮದುವೆ ಮಾಡ್ಸಿದ್ರು. ಆಮೇಲೆ ಇಳುವರಿ ನೋಡ್ಬೇಕಿತ್ತು!"

ಜಾತಕ ನೋಡದೆ ಮಾಡಿದ ಮದುವೆ ಇಷ್ಟು ಫಲ ಕೊಟ್ಟಿದ್ದು ಅಪರೂಪವೇ. ನೀವೂ ಹೋಗಿಬನ್ನಿ; ಆದರೆ ಹನ್ನೆರಡರೊಳಗೆ ಕ್ಯೂ ಹಿಡಿಯಿರಿ, ತಡವಾದರೆ ಬರೀ ಅನ್ನ-ಸಾರೇ ಗತಿ.