ಮಾತು ಬಿಟ್ಟ ದಿನವೂ ತೇರ್ಸ್ ಉಂಟಾ?

"ಬಾಯಮ್ಮ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಗಂಡ ಹೆಂಡತಿ ಮಾತು ಬಿಟ್ಟ ದಿನವೂ ನಿಮ್ಮಲ್ಲಿ ತೇರ್ಸ್ ಉಂಟಾ?"

ಬೇಲಿಯಾಚೆಯ ಅಕ್ಕ ಇದನ್ನು ಸುಮ್ಮನೆ ಕೇಳಿದ್ದಲ್ಲ. ಅವರ ತಂಗಿಯ ಮಗಳಿಗೆ ನಮ್ಮ ಪೈಕಿ ಹುಡುಗನೊಬ್ಬನ ಜೊತೆ ಮದುವೆ ಮಾತು ನಡೆಯುತ್ತಾ ಉಂಟು. ನಾವು ಮಂಗಳೂರಿನ ಕೊಂಕಣಿ ಕ್ರೈಸ್ತರು ತೇರ್ಸ್ ಅನ್ನುವ ಜಪಸರ ದಿನಾ ಸಂಜೆ ಅವರ ಅಂಗಳಕ್ಕೂ ಕೇಳುತ್ತದೆ.

"ಉಂಟಕ್ಕ, ಆ ದಿನವೇ ಬೇಕು" ಅಂದೆ.

ತೇರ್ಸಿನ ಕ್ರಮವೇ ಹಾಗೆ. ನಮಾನ್ ಮರಿಯೆ, ಅಂದರೆ ಮರಿಯಮ್ಮನಿಗೆ ಹೇಳುವ ಪ್ರಾರ್ಥನೆ, ಅದರ ಮೊದಲರ್ಧ ಒಬ್ಬರು ಹೇಳಬೇಕು, ಉಳಿದರ್ಧ ಮಿಕ್ಕವರು. ಅದೂ 53 ಸಲ. ಬೆಳಿಗ್ಗೆಯಿಂದ ಮುಖ ತಿರುಗಿಸಿಕೊಂಡಿದ್ದ ಗಂಡ ಹೆಂಡತಿ ಮನೆಯ ಆಲ್ತಾರಿನ ಮುಂದೆ ಕೂತ ಮೇಲೆ ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳಲೇಬೇಕು. ಮೊದಲ ಹತ್ತು ಮಣಿ ಮುಗಿಯುವ ತನಕ ಇಬ್ಬರದ್ದೂ ಗಡಸು ದನಿ. ನಡುವೆ ಇವರಿಗೆ, ನನ್ನ ಗಂಡನಿಗೆ, ಕೆಮ್ಮು ಬಂದರೆ ಅವರ ಪಾಲನ್ನೂ ನಾನೇ ಹೇಳಿ ಮುಗಿಸುತ್ತೇನೆ. ನನಗೆ ತೂಕಡಿಕೆ ಬಂದರೆ ಇವರು ದನಿ ಸ್ವಲ್ಪ ಏರಿಸುತ್ತಾರೆ. ಪ್ರತಿ ಹತ್ತರ ಮೊದಲು ಯೇಸು ಕಲಿಸಿದ ಪ್ರಾರ್ಥನೆ ಬರುತ್ತದೆ. ನಾನು ಬೇರೆಯವರನ್ನು ಎಷ್ಟು ಕ್ಷಮಿಸಿದೆನೋ ಅದೇ ಅಳತೆಯಲ್ಲಿ ನನಗೂ ಕ್ಷಮೆ ಕೊಡು ಅಂತ ಕೇಳುವ ಮಾತು ಅದರೊಳಗೆ ಉಂಟು. ಪಕ್ಕದಲ್ಲೇ ಗಂಡ ಕೂತಿರುವಾಗ ಅದನ್ನು ಸಲೀಸಾಗಿ ದಾಟಿ ಹೋಗಲಿಕ್ಕೆ ಆಗುವುದಿಲ್ಲ. ತೇರ್ಸ್ ಮುಗಿದ ಕೂಡಲೇ ಮಕ್ಕಳು ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳುತ್ತಾರೆ. ಅಪ್ಪನೂ ಕೊಡಬೇಕು, ಅಮ್ಮನೂ ಕೊಡಬೇಕು. ಸಿಟ್ಟು ಇಟ್ಟುಕೊಂಡು ಆಶೀರ್ವಾದ ಮಾಡುವುದು ಹೇಗೆ?

ಬಾಯಿಪಾಠದ ಪ್ರಾರ್ಥನೆಯಲ್ಲಿ ಮನಸ್ಸು ಇರುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮನಸ್ಸು ಕೆಟ್ಟ ದಿನ ನಮ್ಮದೇ ಮಾತಿನಲ್ಲಿ ಪ್ರಾರ್ಥಿಸಲು ಹೊರಟರೆ ಅದು ದೇವರೆದುರು ಗಂಡನ ಮೇಲಿನ ದೂರಾಗಿಬಿಡುತ್ತದೆ. ಹಿರಿಯರು ಕೊಟ್ಟ ಮಾತು ಆ ಹೊತ್ತಿಗೆ ಇಬ್ಬರನ್ನೂ ಕಾಯುತ್ತದೆ.

"ಹಾಗಾದರೆ ನಿಮಗೇ ಅಂತ ಒಂದು ಪ್ರಾರ್ಥನೆ ಬೇಡವಾ?"

ಬೇಕು. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿ ಅಂತ ಯೇಸುವೇ ಹೇಳಿದ್ದು ಮತ್ತಾಯನ 6ನೇ ಅಧ್ಯಾಯದಲ್ಲಿ ಉಂಟು. ದೂರು ಹೇಳಿಕೊಳ್ಳುವುದು, ಅಳುವುದು ಎಲ್ಲ ಅಲ್ಲಿ. ಆದರೆ ಅದಕ್ಕೂ ಒಂದು ಮಿತಿ. ಪ್ರಾರ್ಥನೆಗಾಗಿ ಗಂಡ ಹೆಂಡತಿ ಕೆಲವು ಕಾಲ ದೂರ ಇರುವುದಾದರೆ ಇಬ್ಬರೂ ಒಪ್ಪಿಯೇ ಇರಬೇಕು, ಆಮೇಲೆ ಮತ್ತೆ ಒಟ್ಟಾಗಬೇಕು ಅಂತ ಸಂತ ಪೌಲ ಕೊರಿಂಥದವರಿಗೆ ಬರೆದ. ಭಕ್ತಿಯ ಹೆಸರಿನಲ್ಲಿ ಜೊತೆಗಾರನನ್ನು ಬಿಟ್ಟು ಹೋಗಲಿಕ್ಕಿಲ್ಲ.

ಒಬ್ಬರೇ ಕೂತು ಪ್ರಾರ್ಥಿಸಿದವರಲ್ಲಿ ದೊಡ್ಡ ಹೆಸರು ಸಂತ ಮೋನಿಕಾಳದ್ದು. 4ನೇ ಶತಮಾನದಲ್ಲಿ, ಈಗಿನ ಅಲ್ಜೀರಿಯಾದ ತಗಾಸ್ತೆಯಲ್ಲಿ ಇದ್ದವಳು. ಗಂಡ ಪಾತ್ರಿಸಿಯುಸ್ ಕ್ರೈಸ್ತನಲ್ಲ, ಮೂಗಿನ ತುದಿಯಲ್ಲೇ ಕೋಪ. ಅವನು ಸಾಯುವುದಕ್ಕೆ ಸ್ವಲ್ಪ ಮೊದಲು ಕ್ರೈಸ್ತನಾದ. ಮಗ ಆಗಸ್ಟಿನ್ 387ರಲ್ಲಿ ಮಿಲಾನಿನಲ್ಲಿ ದೀಕ್ಷಾಸ್ನಾನ ಪಡೆದ. ಅದೇ ವರ್ಷ ತಾಯಿ ತೀರಿಹೋದಳು. ನನಗೆ ಅವಳೆಂದರೆ ತುಂಬಾ ಗೌರವ. ಆದರೆ ಅವಳ ಹೆಸರು ಹೇಳಿ, ಪೆಟ್ಟು ತಿನ್ನುವ ಹೆಂಗಸಿಗೆ "ಪ್ರಾರ್ಥನೆ ಮಾಡು, ಸರಿಯಾಗ್ತಾನೆ" ಅಂತ ಬುದ್ಧಿ ಹೇಳುವವರನ್ನು ಕಂಡರೆ ನನ್ನ ಮೈ ಉರಿಯುತ್ತದೆ. ಪೆಟ್ಟು ತಿನ್ನುವವಳಿಗೆ ಮೊದಲು ಬೇಕಾದ್ದು ಸುರಕ್ಷಿತವಾದ ಒಂದು ಮನೆ, ಬೇಕಾದರೆ ಪೊಲೀಸರು. ಬುದ್ಧಿ ಹೇಳುವವರು ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯ ತೆಗೆದು ನೋಡಲಿ. ಹೆಂಡತಿಯನ್ನು ಗೌರವದಿಂದ ನಡೆಸಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಪ್ರಾರ್ಥನೆಗೇ ಅಡ್ಡಿಯಾದೀತು ಅಂತ ಅಲ್ಲಿ ಎಚ್ಚರಿಸಿದ್ದು ಗಂಡಂದಿರನ್ನು. ಕೈ ಎತ್ತುವ ಗಂಡಸು ಎಷ್ಟು ಮಣಿ ಎಣಿಸಿದರೆ ಏನು?

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮನಸ್ಸಿನಲ್ಲಿದ್ದದ್ದು ಹೊರಗೆ ಬಂತು: "ನಮ್ಮ ಹುಡುಗಿ ಮತ ಬದಲಿಸಬೇಕಾ? ತೇರ್ಸಿಗೆ ಕೂತುಕೊಳ್ಳಲೇಬೇಕಾ?"

ಬದಲಿಸಲೇಬೇಕು ಅಂತ ಇಲ್ಲ. ಬಿಷಪರಿಂದ ವಿಶೇಷ ಅನುಮತಿ ಪಡೆದು ಇಗರ್ಜಿಯಲ್ಲಿ ಮದುವೆಯಾಗಬಹುದು. ತನ್ನ ವಿಶ್ವಾಸ ಬಿಡುವುದಿಲ್ಲ, ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಲು ಕೈಲಾದದ್ದು ಮಾಡುತ್ತೇನೆ ಅಂತ ಮಾತು ಕೊಡಬೇಕಾದವನು ಹುಡುಗ. ಹುಡುಗಿಗೆ ಆ ವಿಷಯ ಮೊದಲೇ ತಿಳಿಸಿರಬೇಕು, ಅಷ್ಟೇ. 1983ರ ಧರ್ಮಸಭೆಯ ಕಾನೂನಿನಲ್ಲೇ ಹೀಗೆ ಉಂಟು. ಮಕ್ಕಳ ವಿಷಯ ಮಾತ್ರ ಈಗಲೇ ಇಬ್ಬರೂ ಕೂತು ಬಿಡಿಸಿ ಮಾತಾಡಿಕೊಳ್ಳಲಿ ಅಕ್ಕ, ಮದುವೆಗೆ ಮೊದಲಿನ ರೋಸಿನ ಶಾಸ್ತ್ರದ ದಿನ ಹತ್ತಿರ ಬಂದ ಮೇಲೆ ಅಲ್ಲ. ಇನ್ನು ತೇರ್ಸ್. ಅವಳು ಪಕ್ಕದಲ್ಲಿ ಸುಮ್ಮನೆ ಕೂತರೂ ಆಯಿತು, ಕೂರದಿದ್ದರೂ ಆಯಿತು. ಅವಳು ತುಳಸಿಗೆ ದೀಪ ಇಡುವಾಗ ಹುಡುಗ ಹೇಗೆ ಇರುತ್ತಾನೆ? ಅದನ್ನು ಅವನ ಬಾಯಿಂದಲೇ ಕೇಳಬೇಕು.

"ಭಾನುವಾರ ಪೂಜೆ ಮುಗಿಸಿ ಬರಲಿಕ್ಕೆ ಹೇಳಿ ಅವನಿಗೆ," ಅಂದೆ. "ಇವರೂ ಮನೆಯಲ್ಲಿ ಇರ್ತಾರೆ. ನಾವೇ ಕೇಳ್ತೇವೆ."